ಬೀಗರ ಮನೆಯ ಹೋಳಿಗೆ

ಲಕ್ಷ್ಮೇಶ್ವರದ ಬೀಗರು ಊಟಕ್ಕೆ ಕರೆದಿದ್ದಾರೆಂದು ಯಜಮಾನರು ಹಿಗ್ಗಿನಿಂದ ಹೇಳಿದಾಗ ನನ್ನ ಎದೆ ಧಸಕ್ಕೆಂದಿತು. ಹೊಸ ಬೀಗರು, ಹೋಳಿಗೆ ಮಾಡದೆ ಬಿಡುತ್ತಾರೆಯೇ? ಮಾಡಿದ ಮೇಲೆ ತಿನ್ನಿಸದೆ ಬಿಡುತ್ತಾರೆಯೇ?

ಮದುವೆಯಾಗಿ ಮೊದಲ ಸಲ ತವರಿಗೆ ಬಂದಿದ್ದ ಮಗಳು ಜುಲುಮೆ ಮಾಡಿ ನನ್ನನ್ನು ಗದುಗಿನ ಡಾಕ್ಟರಲ್ಲಿಗೆ ಕರೆದೊಯ್ದಿದ್ದಳು. ಚಪ್ಪಲಿ ಕಚ್ಚಿ ಕಾಲ್ಬೆರಳಿಗೆ ಆದ ಗಾಯ ಏನು ಮಾಡಿದರೂ ಮಾಯುತ್ತಿರಲಿಲ್ಲ. "ಸಕ್ಕರಿ ಬ್ಯಾನಿ ಐತಿ. ಬಾಯಿ ಕಟ್ರಿ, ಇಲ್ಲಾಂದ್ರ ಬೆರಳು ಉಳಿಯೂದಿಲ್ಲ," ಎಂದರು ಡಾಕ್ಟರು. ಹೆಚ್ಚು ಹೇಳಬೇಕಾಗಿರಲಿಲ್ಲ. ನಮ್ಮವ್ವನಿಗೂ ಒಂದು ಬೆರಳಿನಿಂದಲೇ ಶುರುವಾಗಿ, ಕಡೆಗೆ ಮೊಣಕಾಲವರೆಗೆ ಕಾಲು ತೆಗೆದಿದ್ದರು. ಮುಂಡರಗಿಯ ತವರುಮನೆಯಲ್ಲಿ ಅವಳು ತೆವಳಿಕೊಂಡು ಬಚ್ಚಲಿಗೆ ಹೋಗುತ್ತಿದ್ದುದನ್ನು ಕಂಡವಳು ನಾನು.

ಅಂದಿನಿಂದ ಚಹಾಕ್ಕೆ ಸಕ್ಕರೆ ಬಿಟ್ಟೆ, ಬೆಲ್ಲ ಬಿಟ್ಟೆ. ಜೋಳದ ರೊಟ್ಟಿ, ಮೆಂತ್ಯದ ಪಲ್ಲೆ, ಹೆಸರುಕಾಳು, ಇಷ್ಟೇ. ಬೆಳಿಗ್ಗೆ ಎದ್ದವಳೇ ಕಾಲು ಚಾಚಿ, ಬೆರಳು ಕಪ್ಪಾಯಿತೇನೋ ಎಂದು ಒತ್ತಿ ಒತ್ತಿ ನೋಡುತ್ತಿದ್ದೆ. ಹಾಳಾದ ಹೆದರಿಕೆ, ನಿದ್ದೆಯಲ್ಲೂ ಬಿಡುತ್ತಿರಲಿಲ್ಲ.

ಆದರೆ ಬೀಗರಿಗೆ ಹೇಳುವುದು ಹೇಗೆ? ಹೋಳಿಗೆ ಒಲ್ಲೆನೆಂದರೆ ಸೊಕ್ಕು ಅನ್ನುತ್ತಾರೆ. ಬೇನೆ ಎಂದರೆ, ರೋಗದ ಮನೆತನದ ಹುಡುಗಿಯನ್ನು ಕೊರಳಿಗೆ ಕಟ್ಟಿದರು ಅನ್ನುತ್ತಾರೆ. ಅನುಭವಿಸುವವಳು ನನ್ನ ಮಗಳು. "ಅತ್ತಿ ಮನ್ಯಾಗ ತುಟಿ ಪಿಟಕ್ಕನ್ನಬ್ಯಾಡ," ಎಂದು ಅವಳಿಂದ ಆಣೆ ಮಾಡಿಸಿಕೊಂಡಿದ್ದೆ.

ಹೆಂಗಸರ ಪಂಕ್ತಿಯಲ್ಲಿ ಬೀಗತಿಯೇ ಬಡಿಸಲು ನಿಂತರು. ಎಲೆಗೆ ಬಿದ್ದ ಹೋಳಿಗೆಯನ್ನು ಮೆಲ್ಲಗೆ ಮುರಿದು ಅನ್ನದ ಕೆಳಗೆ ಸರಿಸಿದೆ. ಅವರ ಕಣ್ಣು ತಪ್ಪೀತೇ?

"ಅಯ್ಯ, ಹಿಂಗ್ಯಾಕ ನಾಚತೀರಿ ಬೀಗತಿ? ನನ್ನಾಣಿ ಐತಿ, ಬಾಯಿ ತಗೀರಿ!" ಎಂದು ಇನ್ನೊಂದು ಹೋಳಿಗೆಯನ್ನು ತುಪ್ಪದಲ್ಲಿ ಅದ್ದಿ ನನ್ನ ಬಾಯಿಗೇ ಹಿಡಿದರು. ಏಲಕ್ಕಿಯ ವಾಸನೆ ಮೂಗಿಗೆ ಬಡಿಯಿತು. ಮಡಿಚಿದ ಕಾಲಿನಲ್ಲಿ ಗಾಯ ಚುರುಕ್ ಎಂದಿತು. ಶಿವನೇ, ನನ್ನ ಕಾಲು ಹೋದರೂ ಮಗಳ ಬಾಳು ನೆಟ್ಟಗಿರಲಿ ಎಂದು ಬಾಯಿ ತೆರೆದೆ.

"ಅತ್ತಿ, ಬ್ಯಾಡ್ರಿ!"

ಸಾರು ಬಡಿಸುತ್ತಿದ್ದ ಮಗಳು ಕೂಗಿದಳು. "ಅವ್ವಗ ಸಕ್ಕರಿ ಬ್ಯಾನಿ ಐತ್ರಿ. ಕಾಲಿಗೆ ಗಾಯ ಆಗೇತಿ. ನಮ್ಮ ಆಯಿ ಕಾಲೂ ಇದರಾಗ ಹೋತು."

ನಮ್ಮವ್ವನ ಕಾಲಿನ ಸುದ್ದಿ ಯಾಕೆ ತೆಗೆದೆಯೇ ಹುಚ್ಚಿ! ಬೀಗತಿಯ ಕೈ ಹಾಗೇ ನಿಂತಿತ್ತು; ತುಪ್ಪ ನನ್ನ ಸೀರೆಯ ಮೇಲೆ ತೊಟ್ಟಿಕ್ಕಿತು. ಅವರು ನನ್ನತ್ತ ನೋಡಲಿಲ್ಲ, ಸೊಸೆಯನ್ನು ನೋಡಿದರು.

"ಹಂಗಾರ ನಾಳೆ ನಿನಗೂ ಬರೂದೇನು?"

ಮಗಳು ಸೌಟನ್ನು ಸಾರಿನ ಪಾತ್ರೆಯಲ್ಲಿಟ್ಟಳು.

"ಬಂದರೂ ಬರಬಹುದ್ರಿ. ಬಂದ್ರ ನೀವು ನನಗ ರೊಟ್ಟಿ ಬಡಸ್ರಿ, ಅತ್ತಿ."

ಬೀಗತಿ ಹೋಳಿಗೆಯನ್ನು ಬುಟ್ಟಿಗೆ ಹಾಕಿ ಒಳಗೆ ಹೋದರು. ಬರುವಾಗ ಬಿಸಿ ರೊಟ್ಟಿ ತಂದು ನನ್ನ ಎಲೆಗೆ ಹಾಕಿದರು. ಸಿಟ್ಟೋ ಕರುಣೆಯೋ, ಅವರ ಮುಖದಲ್ಲಿ ಏನೂ ತಿಳಿಯಲಿಲ್ಲ. ನಾನು ರೊಟ್ಟಿ ಮುರಿದು ತಿಂದೆ.

ಬಸ್ಸಿಗೆ ಕಳಿಸಲು ಮಗಳು ಜೊತೆಗೆ ಬಂದಳು. ದಾರಿಯುದ್ದಕ್ಕೂ ನಾನು ನೋಡಿದ್ದು ಅವಳ ಪಾದಗಳನ್ನೇ. ಹೊಸ ಕಾಲುಂಗುರ, ಹೊಸ ಚಪ್ಪಲಿ.

"ಚಪ್ಪಲಿ ಕಚ್ಚತಾವೇನ?" ಎಂದೆ.

"ಇಲ್ಲಬೇ ಯವ್ವಾ."

ನಂಬಿಕೆಯಾಗಲಿಲ್ಲ. ಜನ ನೋಡುತ್ತಿದ್ದಂತೆಯೇ ಬಸ್ ಸ್ಟ್ಯಾಂಡಿನಲ್ಲಿ ಕುಕ್ಕರಗಾಲಲ್ಲಿ ಕೂತು, ಅವಳ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದೆ.