ಹೊಲಿಗೆ ಯಂತ್ರದ ಮೇಲೆ ಮೂರು ದೀಪ

ಆ ಓಣಿಯಲ್ಲಿ ಅಕ್ಕತಂಗಿಯರ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ತಂಗಿ ಬಟ್ಟೆ ಕತ್ತರಿಸುತ್ತಿದ್ದಳು, ಅವಳು ಕತ್ತರಿ. ಅಕ್ಕ ಹೊಲಿಯುತ್ತಿದ್ದಳು, ಅವಳು ಸೂಜಿ. ಇಪ್ಪತ್ತೇಳು ವರ್ಷ ಇಬ್ಬರೂ ಒಂದೇ ಅಂಗಡಿಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದರು. ಕತ್ತರಿಯ ಬಾಯಿಗೆ ಬಿಡುವೆಂಬುದಿಲ್ಲ. ಸೂಜಿ ಆಡುವುದು ಹತ್ತಕ್ಕೊಂದು ಮಾತು, ಆ ಒಂದು ಚುಚ್ಚಿದರೆ ಚುಚ್ಚಿದ್ದೇ.

ಎರಡು ವರ್ಷದಿಂದ ಸೂಜಿಯ ಕಿವಿ ಮಂದವಾಗುತ್ತಾ ಬಂದಿತ್ತು. ಎದುರು ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು, ಕಿವಿಗೆ ಬಾಯಿಟ್ಟು ಹೇಳಿದರೆ ಪೂರ್ತಿ ಕೇಳುತ್ತಿತ್ತು. ಯಂತ್ರ ಓಡುತ್ತಿದ್ದರೆ ಮಾತ್ರ ಬೆಲ್ಲು ಬಡಿದರೂ ಒಂದೇ, ಬಾನು ಬಿದ್ದರೂ ಒಂದೇ. ಕಳೆದ ವಾರ ಕತ್ತರಿ ಅಳತೆ ತೆಗೆಯಲು ಹೊರಗೆ ಹೋಗಿದ್ದಾಗ, ಬ್ಯಾಂಕಿನಲ್ಲಿ ಕೆಲಸ ಮಾಡುವ ಗಿರಾಕಿಯೊಬ್ಬಳು ಟ್ರಯಲ್ ರೂಮಿಗೆ ಹೋಗಿ ಹೊಸ ಉಡುಪು ತಲೆಯ ಮೇಲಿಂದ ಹಾಕಿಕೊಂಡಳು. ಅರ್ಧದಲ್ಲಿ ಜಿಪ್ಪು ಕಚ್ಚಿಕೊಂಡಿತು. ಎರಡೂ ಕೈ ಮೇಲೆ, ಮುಖ ಬಟ್ಟೆಯೊಳಗೆ. ಮೊಣಕೈಯಿಂದಲೇ ಅಲ್ಲಿನ ಬೆಲ್ಲು ಒತ್ತಿದಳು, ಗೋಡೆ ಗುದ್ದಿದಳು, ಅರ್ಧ ಗಂಟೆ ಒಳಗೇ ಕುಣಿದಳು. ಹೊರಗೆ ಸೂಜಿ ನೆಮ್ಮದಿಯಾಗಿ ಏಳು ಜೇಬು ಹೊಲಿದು ಮುಗಿಸಿದಳು.

ಕತ್ತರಿ ಬಂದು ಬಿಡಿಸಿದಾಗ ಗಿರಾಕಿಯೇ ಬಿದ್ದು ಬಿದ್ದು ನಕ್ಕಳು. ಸೂಜಿ ನಗಲಿಲ್ಲ.

"ಈ ಶನಿವಾರವೇ ಕೊನೆ ಕಣೆ. ಸೋಮವಾರದಿಂದ ನಾನು ಅಂಗಡಿಗೆ ಬರಲ್ಲ," ಎಂದಳು. "ಇದ್ದೂ ಇಲ್ಲದ ಹಾಗೆ ಇಲ್ಲಿ ಕೂರೋದಕ್ಕಿಂತ ಮನೇಲಿರೋದು ವಾಸಿ."

ಅಕ್ಕನಿಲ್ಲದ ಅಂಗಡಿಯಲ್ಲಿ ಕತ್ತರಿ ಒಂದು ದಿನವೂ ಕೂತವಳಲ್ಲ. ಜಗಳವಾಡಲಿಕ್ಕಾದರೂ ಒಬ್ಬರು ಬೇಡವೇ? ಅಳುತ್ತಾ ಕೂರುವುದು ಅವಳ ಜಾಯಮಾನವಲ್ಲವಾದ್ದರಿಂದ, ಎರಡು ಬೀದಿ ಆಚೆ ಎಲೆಕ್ಟ್ರಾನಿಕ್ಸ್ ಸಾಮಾನು ಮಾರುವವಳ ಹತ್ತಿರ ಒಂದೇ ಉಸಿರಿಗೆ ಓಡಿದಳು. ಯಂತ್ರದ ಮೇಲೆ, ಸೂಜಿಯ ಕಣ್ಣೆದುರಿಗೇ ಮೂರು ದೀಪ ಬೇಕು. ಬಾಗಿಲ ಬೆಲ್ಲಿಗೆ ಕೆಂಪು, ಟ್ರಯಲ್ ರೂಮಿಗೆ ಹಸಿರು, ಮಹಡಿಯಿಂದ ತಾನು ಕರೆದರೆ ನೀಲಿ. ಸೂಜಿ ಒಂದು ಗುಂಡಿ ಒತ್ತಿ ಆರಿಸುವ ತನಕ ಮಿಟುಕುತ್ತಲೇ ಇರಬೇಕು.

ಅಂಗಡಿಯವಳು ಬಿಸ್ಕತ್ತಿನಷ್ಟು ದೊಡ್ಡ ಒಂದು ಬೋರ್ಡನ್ನೂ ಹೆಬ್ಬೆರಳಿನಷ್ಟು ದೊಡ್ಡ ಒಂದು ಅಡಾಪ್ಟರನ್ನೂ ಮುಂದಿಟ್ಟಳು.

"ಈ ಬೋರ್ಡಿಗೆ ಯುಎಸ್‌ಬಿ ಇಲ್ಲ ಅಕ್ಕಾ. ಅದಕ್ಕೇ ಈ ಅಡಾಪ್ಟರ್ ಮಧ್ಯೆ ಕೂತು ಲ್ಯಾಪ್‌ಟಾಪಿನ ಮಾತು ಅದಕ್ಕೆ ದಾಟಿಸುತ್ತೆ, ಕರೆಂಟೂ ಕೊಡುತ್ತೆ. ಟಿಎಕ್ಸ್ ಅಂದ್ರೆ ಮಾತಾಡೋ ಕಾಲು, ಆರ್‌ಎಕ್ಸ್ ಅಂದ್ರೆ ಕೇಳಿಸ್ಕೊಳ್ಳೋ ಕಾಲು. ಪ್ರೋಗ್ರಾಮು ನಾನು ಬರೆದುಕೊಡ್ತೀನಿ, ಲ್ಯಾಪ್‌ಟಾಪಿಂದ ಬೋರ್ಡಿಗೆ ನೀವೇ ಇಳಿಸ್ಕೊಳ್ಳಿ. ತಂತಿ ಹೇಗೆ ಕೂಡಿಸೋದು ಅಂತ ಈ ಚೀಟೀಲಿದೆ."

ಚೀಟಿ ಓದಿ ಕೆಲಸ ಮಾಡುವುದೆಂದರೆ ಕತ್ತರಿಗೆ ಅವಮಾನ. ಅಡಾಪ್ಟರಿನ ಮೇಲೆ ಒಂದು ಪುಟ್ಟ ಸ್ವಿಚ್ಚಿತ್ತು: ಒಂದು ಕಡೆ ಮೂರು ಚಿಲ್ಲರೆ ವೋಲ್ಟು, ಇನ್ನೊಂದು ಕಡೆ ಐದು. ಬಿಗಿಯಾದರೆ ಬಿಚ್ಚಬೇಕು, ಸಡಿಲವಾದರೆ ಹಿಡಿದು ಹೊಲಿಯಬಹುದು ಎಂಬುದು ಅವಳ ಜೀವಮಾನದ ಸೂತ್ರ. ಐದಕ್ಕೇ ತಳ್ಳಿದಳು. ಬೋರ್ಡು ಸಣ್ಣಗೆ ಹೊಗೆ ಬಿಟ್ಟು, ಆಮೇಲೆ ಪ್ರಾಣವನ್ನೂ ಬಿಟ್ಟಿತು.

"ಹೆಚ್ಚಾದ್ರೆ ಹಿಡಿದು ಹೊಲಿಯೋಕೆ ಅದೇನು ಪ್ಯಾಂಟಾ ಅಕ್ಕಾ?" ಎಂದು ಸಾಮಾನಿನವಳು ಹೊಟ್ಟೆ ಹಿಡಿದು ನಕ್ಕು ಇನ್ನೊಂದು ಬೋರ್ಡು ಕೊಟ್ಟಳು.

ಅಷ್ಟರಲ್ಲಿ ಶನಿವಾರ ಬಂದೇಬಿಟ್ಟಿತ್ತು. ಕತ್ತರಿ ದೀಪಗಳ ತಂತಿಯನ್ನು ಮೇಜಿನ ಬಟ್ಟೆಗೆ ಕಾಣದ ಹೊಲಿಗೆ ಹಾಕಿ ಕೂರಿಸಿದ್ದಳು. ಸ್ವಿಚ್ಚು ಈ ಸಲ ಮೂರರ ಕಡೆ. ಕರೆಂಟಿನ ಕೆಂಪು ತಂತಿ ಸರಿ, ಗ್ರೌಂಡಿನ ಕಪ್ಪು ತಂತಿ ಸರಿ. ಉಳಿದವು ಎರಡು. ಅಂಗಿಯ ತುಂಡುಗಳಲ್ಲಿ ಗುರುತಿಗೆ ಗುರುತು ಕೂಡಿಸುವುದು ಎಂಥ ದರ್ಜಿಗೂ ಗೊತ್ತು. ಕೂಡಿಸದಿದ್ದರೆ ತೋಳು ಬೆನ್ನಿಗೆ ಬರುತ್ತದೆ. ಹಾಗಾಗಿ ಟಿಎಕ್ಸಿಗೆ ಟಿಎಕ್ಸ್, ಆರ್‌ಎಕ್ಸಿಗೆ ಆರ್‌ಎಕ್ಸ್ ಕೂಡಿಸಿದಳು. ಬೋರ್ಡು ಉತ್ತರಿಸುತ್ತಿಲ್ಲ ಎಂದಿತು ಲ್ಯಾಪ್‌ಟಾಪು. ಹನ್ನೊಂದು ಸಲ ಪ್ರಯತ್ನಿಸಿದಳು, ಹನ್ನೊಂದು ಸಲವೂ ಅದೇ ರಾಗ. ಬೋರ್ಡಿನ ಮುತ್ತಜ್ಜನವರೆಗೂ ಬೈದದ್ದಾಯಿತು.

ಯಂತ್ರ ನಿಲ್ಲಿಸಿ ಸೂಜಿ ತಲೆಯೆತ್ತಿದಳು. "ಏನಂತೆ ಅದು?"

ಕತ್ತರಿ ಎದ್ದು ಹೋಗಿ ಅಕ್ಕನ ಕಿವಿಗೆ ಬಾಯಿಟ್ಟು ಕೂಗಿದಳು: "ಒಂದು ಮಾತೂ ಆಡ್ತಿಲ್ಲ, ಹಾಳಾದ್ದು!"

ಕೂಗಿದವಳು ಅಲ್ಲೇ ನಿಂತುಬಿಟ್ಟಳು. ಬಾಯಿ ಇನ್ನೂ ಅಕ್ಕನ ಕಿವಿಯ ಹತ್ತಿರವೇ ಇತ್ತು.

"ಕಿವಿ ಕಚ್ತೀಯೇನೆ? ಆಚೆ ಸರಿ," ಎಂದಳು ಸೂಜಿ.

"ಬಾಯಿಗೆ ಕಿವಿ! ಅಕ್ಕಾ, ಬಾಯಿಗೆ ಕಿವಿ ಕೊಡ್ಬೇಕು! ನಾನು ಬಾಯಿಗೆ ಬಾಯಿ ಕಟ್ಟಿ ಕೂತಿದ್ದೀನಿ! ಎರಡೂ ಒದರ್ತಿವೆ, ಕೇಳೋರೇ ಇಲ್ಲ!"

ತಂತಿ ಎರಡನ್ನೂ ಅದಲುಬದಲು ಮಾಡಿದಳು. ಪ್ರೋಗ್ರಾಮು ಬೋರ್ಡಿಗೆ ಇಳಿಯುತ್ತಾ ಪರದೆಯ ಮೇಲಿನ ಗೆರೆ ಸರಸರನೆ ತುಂಬಿತು. ಅಡಾಪ್ಟರನ್ನು ಲ್ಯಾಪ್‌ಟಾಪಿನಿಂದ ಕಿತ್ತು ಫೋನಿನ ಚಾರ್ಜರಿಗೆ ಸಿಕ್ಕಿಸಿ, ಹೊರಗೆ ಓಡಿ ಬೆಲ್ಲು ಒತ್ತಿದಳು. ಕೆಂಪು! ಟ್ರಯಲ್ ರೂಮಿಗೆ ನುಗ್ಗಿದಳು. ಹಸಿರು! ಮಹಡಿ ಹತ್ತಿದಳು. ನೀಲಿ! ಐವತ್ತನಾಲ್ಕು ವರ್ಷದ ಹೆಂಗಸು ನಾಲ್ಕು ಸುತ್ತು ಹೀಗೇ ಓಡಿದಳೆಂದರೆ ನಂಬುವುದು ಕಷ್ಟ, ಆದರೂ ಓಡಿದಳು. ಸೂಜಿ ಒಂದೊಂದೇ ದೀಪ ಆರಿಸುತ್ತಾ, "ನಿನ್ನೆ ಮಂಡಿನೋವು ಅಂತಿದ್ದೆಯಲ್ಲೇ, ಕತ್ತೆ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ನಕ್ಕದ್ದೇನೋ ನಿಜ, ಸೋಮವಾರದ ಮಾತು ಮಾತ್ರ ಎತ್ತಲಿಲ್ಲ. ಕೇಳಲು ಕತ್ತರಿಗೂ ಧೈರ್ಯ ಸಾಲಲಿಲ್ಲ.

ಐದು ಗಂಟೆಗೆ ಕೆಂಪು ಮಿಟುಕಿತು. ಕತ್ತರಿ ಅಭ್ಯಾಸಬಲದಿಂದ ಏಳುವಷ್ಟರಲ್ಲಿ ಸೂಜಿ ದೀಪ ಆರಿಸಿ ಬಾಗಿಲು ತೆಗೆದಾಗಿತ್ತು. ಬಸ್ ಡ್ರೈವರೊಬ್ಬ ತೋಳಿನ ಮೇಲೆ ಪ್ಯಾಂಟು ಹಾಕಿಕೊಂಡು ನಿಂತಿದ್ದ. ಸೂಜಿಯನ್ನು ಕಂಡದ್ದೇ ಅವನು ಅವಳ ಹೆಗಲಾಚೆ ಇಣುಕಿ, "ತಂಗಿ ಇಲ್ವಾ? ಅವರನ್ನೇ ಕರೀರಿ," ಎಂದು ಕೈಸನ್ನೆ ಮಾಡಿದ.

"ಅವಳ್ಯಾಕೆ? ಬೆಲ್ ಒತ್ತಿದ್ರಿ, ನಾನು ಬಂದೆ. ಹೇಳಿ."

"ಎರಡಿಂಚು ಗಿಡ್ಡ ಮಾಡ್ಬೇಕಿತ್ತು," ಎಂದ ಅವನು, ದನಿ ತಗ್ಗಿಸಿ. "ಯಾವಾಗ ಕೊಡ್ತೀರಿ?"

ಸೂಜಿ ಪ್ಯಾಂಟನ್ನು ಕೈಗೆ ತೆಗೆದುಕೊಂಡಳು. ತಂಗಿ ಮೇಜಿನ ಅಂಚು ಹಿಡಿದು ನಿಂತಿದ್ದನ್ನು ಅವಳು ತಿರುಗಿಯೂ ನೋಡಲಿಲ್ಲ.

"ಸೋಮವಾರ ಸಂಜೆ ಬನ್ನಿ," ಎಂದಳು. "ನನ್ನನ್ನೇ ಕೇಳಿ."