ಕಾರಣದ ಕಾಲಂನಲ್ಲಿ ಅಣ್ಣ

ಪ್ರೆಸ್ಸಿನ ಅಣ್ಣ ಎಂದರೆ ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಅಣ್ಣನೇ. ಸ್ವಂತ ತಂಗಿ ಅದೇ ಶೆಡ್ಡಿನ ಮೂಲೆಯ ಗಾಜಿನ ಕೋಣೆಯಲ್ಲಿ ಕ್ವಾಲಿಟಿ ಮೇಡಂ ಆಗಿದ್ದಳು. ಅವಳು ಕರೆದದ್ದೇ ಉಳಿದವರ ಬಾಯಿಗೂ ಹತ್ತಿತು. ಅಪ್ಪ ಹೋದ ಮೇಲೆ ಅವಳನ್ನು ಓದಿಸಿದವನು ಅವನು. ಮಾಲೀಕರ ಕೈಕಾಲು ಹಿಡಿದು ಈ ಕೆಲಸಕ್ಕೆ ಸೇರಿಸಿದವನೂ ಅವನೇ.

ಅವನ ಪ್ರೆಸ್ ಮಷೀನು ತಗಡನ್ನು ಒತ್ತಿ, ಕಾರಿನ ಬ್ರೇಕ್ ಪೈಪನ್ನು ಹಿಡಿದಿಡುವ ಕ್ಲಿಪ್ಪು ಮಾಡುತ್ತಿತ್ತು. ತಗಡಿಗೆ ಆಕಾರ ಕೊಡುವ ಅಚ್ಚಿಗೆ ಡೈ ಎನ್ನುತ್ತಾರೆ. ಆ ಡೈ ಸವೆದು ಸವೆದು ಹಣ್ಣಾಗಿತ್ತು, ಹಾಗಾಗಿ ಆಗಾಗ ಕ್ಲಿಪ್ಪಿನ ಅಂಚು ಗರಗಸದಂತೆ ಚೂಪಾಗಿ ಉಳಿಯುತ್ತಿತ್ತು. ಕಾರಿನ ಕಂಪನಿಯಿಂದ ದೂರು ಬರುತ್ತಿತ್ತು. ದೂರು ಬಂದರೆ ತಂಗಿ ಕಾರಣ ಬರೆದು ಕಳಿಸಬೇಕು. ಡೈ ಸವೆದಿದೆ ಎಂದು ಬರೆದರೆ ಹೊಸದು ತರಬೇಕು. ಆ ಮಾತೆತ್ತಿದರೆ ಮಾಲೀಕರಿಗೆ ಮೈಮೇಲೆ ಬಿಸಿನೀರು ಬಿದ್ದ ಹಾಗೆ. "ಕೆಲಸಗಾರನ ಅಜಾಗರೂಕತೆ ಅಂತ ಹಾಕಮ್ಮ. ತರಬೇತಿ ಕೊಟ್ಟಿದೀವಿ ಅಂತ ಮುಗಿಸು" ಎನ್ನುತ್ತಿದ್ದರು.

ಮೊದಲ ಸಲ ತಂಗಿ ಕಣ್ಣು ತುಂಬಿಕೊಂಡು ಬಂದು ನಿಂತಳು. ಅಣ್ಣ ನಕ್ಕುಬಿಟ್ಟ. "ನನ್ನ ಹೆಸರೇ ಹಾಕ್ಕೊಳ್ಳೇ. ಕಾಗದದ ಮೇಲೆ ಬೈದ್ರೆ ಮೈಗೆ ನೋವಾಗುತ್ತಾ?"

ಅದೇ ರೂಢಿಯಾಯಿತು. ದೂರು ಬಂದಾಗಲೆಲ್ಲ ಅಣ್ಣ ಅಜಾಗರೂಕ, ಅಣ್ಣನಿಗೆ ತರಬೇತಿ. ಹೊಸಬರಿಗೆಲ್ಲ ಆ ಮಷೀನು ಹೇಳಿಕೊಟ್ಟವನಿಗೇ ತರಬೇತಿ! ಅವನು ಸಹಿ ಹಾಕಿ, ಟೀ ಕುಡಿದು, ಮತ್ತೆ ಬಂದು ನಿಲ್ಲುತ್ತಿದ್ದ. "ಇವತ್ತು ಯಾವ ಕ್ಲಾಸಣ್ಣ?" ಎಂದು ಜೊತೆಯವರು ಕಾಲೆಳೆಯುತ್ತಿದ್ದರು. ಹೆಂಡತಿ ಮಾತ್ರ "ಊರವರ ತಪ್ಪಿಗೆಲ್ಲ ನೀವೇ ವಾರಸುದಾರರಾ?" ಎಂದು ಸಿಡುಕುತ್ತಿದ್ದಳು. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ, ಅವನು ಊಟ ಮುಗಿಸಿ ಮಲಗುತ್ತಿದ್ದ.

ಆ ವರ್ಷ ಕಾರಿನ ಕಂಪನಿ ಖಡಾಖಂಡಿತವಾಗಿ ಹೇಳಿತು: ಗುಣಮಟ್ಟದ ಸರ್ಟಿಫಿಕೇಟ್ ಇಲ್ಲದವರಿಂದ ಇನ್ನು ಮಾಲು ಕೊಳ್ಳುವುದಿಲ್ಲ. ಶೆಡ್ಡಿಗೆ ಬಣ್ಣ ಬಿತ್ತು, ನೆಲಕ್ಕೆ ಹಳದಿ ಗೆರೆ ಬಿತ್ತು. ತಪಾಸಣೆಗೆ ಬಂದ ಆಡಿಟರ್ ತೆಳ್ಳಗಿನ, ಮೆದು ಮಾತಿನ ಮನುಷ್ಯ. ಗೆರೆಯನ್ನು ತುಳಿದುಕೊಂಡೇ ಹೋಗಿ ಹಳೆಯ ದೂರುಗಳ ಕಡತ ಬಿಚ್ಚಿ ಕುಳಿತರು. ಮಧ್ಯಾಹ್ನ ಅಣ್ಣನಿಗೆ ಕರೆ ಬಂತು.

"ನಿಮಗೆ ಇಷ್ಟು ಸಲ ತರಬೇತಿ ಕೊಟ್ಟಿದಾರೆ. ಆದ್ರೂ ಅದೇ ತಪ್ಪು. ಯಾಕೆ ಹೇಳಿ?"

ಅಣ್ಣ ತಂಗಿಯ ಮುಖ ನೋಡಿದ. ನಿಜ ಹೇಳಿದರೆ ಸುಳ್ಳು ಬರೆದವಳು ಅವಳಾಗುತ್ತಾಳೆ. "ಕಣ್ಣು ಮಂಜಾಗಿದೆ ಸಾರ್. ವಯಸ್ಸಾಯ್ತಲ್ಲ" ಎಂದ.

"ಹಾಗಾದ್ರೆ ಇವರನ್ನ ಇವತ್ತೇ ಆ ಮಷೀನಿಂದ ಬಿಡಿಸಿ" ಎಂದರು ಆಡಿಟರ್, ಮಾಲೀಕರ ಕಡೆ ತಿರುಗಿ. "ಬ್ರೇಕ್ ವಿಷಯ ಇದು. ಇವರ ಕೈಗೂ ಅಪಾಯ."

ಮಾಲೀಕರು ಬೀಸೋ ದೊಣ್ಣೆ ತಪ್ಪಿತು ಎಂಬಂತೆ ತಲೆಯಾಡಿಸಿದರು. ಅಣ್ಣ ಮಾತ್ರ ತಿರುಗಿ ತನ್ನ ಮಷೀನಿನ ಕಡೆ ನೋಡಿದ. ಮೀಸೆ ಚಿಗುರಿದಾಗಿನಿಂದ ಪ್ರೆಸ್ಸು ಬಿಟ್ಟು ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ತಂಗಿ ಎದ್ದು ನಿಂತಳು. "ಅಣ್ಣನ ಕಣ್ಣು ಚೆನ್ನಾಗಿದೆ ಸಾರ್. ಡೈ ಸವೆದಿದೆ. ಗೊತ್ತಿದ್ದೂ ಅವನ ಹೆಸರು ಬರೆದವಳು ನಾನು."

ಸರ್ಟಿಫಿಕೇಟ್ ಅಂದು ಸಿಗಲಿಲ್ಲ. ಹೊಸ ಡೈ ಬಂದು, ಇನ್ನೊಂದು ಆಡಿಟ್ ಮುಗಿದ ಮೇಲೆ ಸಿಕ್ಕಿತು. ಸುಳ್ಳು ಬರೆಸಿದವರು ಅದಕ್ಕೆ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದರು. ಬರೆದವಳು ಗಾಜಿನ ಕೋಣೆಯಿಂದ ಪ್ಯಾಕಿಂಗ್ ಮೇಜಿಗೆ ಬಂದಳು. ಲೋಕದ ನ್ಯಾಯ ಅಷ್ಟೇ. ಅಣ್ಣ ಪ್ರೆಸ್ಸಿನಲ್ಲೇ ಉಳಿದ, ಕ್ಲಿಪ್ಪುಗಳು ನುಣ್ಣಗೆ ಬೀಳತೊಡಗಿದವು, ಆದರೆ ಅವನಿಗೆ ಅನ್ನ ರುಚಿಸುತ್ತಿರಲಿಲ್ಲ.

ಒಂದು ದಿನ ಊಟದ ಬಿಡುವಿನಲ್ಲಿ ತಂಗಿಯ ಪಕ್ಕ ಹೋಗಿ ಕುಳಿತ. "ನೀನು ಸುಮ್ನಿದ್ದಿದ್ರೆ ನಿನ್ನ ಕುರ್ಚಿ ಉಳೀತಿತ್ತಲ್ಲೇ. ನಾನು ಹೇಗೋ ಇದ್ದುಬಿಡ್ತಿದ್ದೆ."

ತಂಗಿ ಡಬ್ಬಕ್ಕೆ ಕ್ಲಿಪ್ಪು ತುಂಬುವುದನ್ನು ನಿಲ್ಲಿಸಲಿಲ್ಲ. "ನಿನಗೋಸ್ಕರ ಹೇಳಿದ್ದಲ್ಲ ಅಣ್ಣ. ಬರೆದೂ ಬರೆದೂ, ನಿನ್ನ ಕೈಲಿ ಕೆಲಸ ಆಗಲ್ಲ ಅಂತ ನನಗೇ ಅನ್ನಿಸೋಕೆ ಶುರುವಾಗಿತ್ತು. ಅವತ್ತು ಕಣ್ಣು ಮಂಜು ಅಂದ್ಯಲ್ಲ, ಒಂದು ಗಳಿಗೆ ನಿಜ ಅಂತ್ಲೇ ಅಂದ್ಕೊಂಡೆ. ಅದಕ್ಕೆ ಹೆದರಿಕೆ ಆಯ್ತು."

ಮಾಲೀಕರ ಬೈಗುಳ, ಜೊತೆಯವರ ನಗೆ ಎಲ್ಲವನ್ನೂ ಕೊಡವಿಕೊಂಡು ಬಂದ ಮನುಷ್ಯನಿಗೆ ಈ ಮಾತು ನೆಟ್ಟಗೆ ಎದೆಗೆ ತಾಗಿತು. ಒಂದು ಖಾಲಿ ಡಬ್ಬ ಎಳೆದುಕೊಂಡು ಅವಳ ಜೊತೆ ತುಂಬತೊಡಗಿದ. ಬಿಡುವು ಮುಗಿದ ಸೈರನ್ ಆದರೂ ಏಳಲಿಲ್ಲ.