ತೋಪಿನಲ್ಲಿ ಮೂರು ಕಂಬ ನೆಟ್ಟದ್ದು

ನಾನು ಡಿಸ್ಕ್ ಗಾಲ್ಫ್ ಕಲಿತದ್ದು ಜಗಳಕ್ಕೆ ಹೋಗಿ. ನಮ್ಮ ಮನೆತನದಲ್ಲಿ ಒಳ್ಳೆಯದೂ ಕೆಟ್ಟದ್ದೂ ಜಗಳದಿಂದಲೇ ಶುರುವಾಗುತ್ತದೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಅಲ್ಲಾಳಸಂದ್ರದ ನಮ್ಮ ಮನೆಯ ಮೇಲಂತಸ್ತಿಗೆ ಒಬ್ಬಳು ಹುಡುಗಿ ಬಾಡಿಗೆಗೆ ಬಂದಿದ್ದಳು. ಹೆಬ್ಬಾಳದ ಕಡೆ ಯಾವುದೋ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕೆಲಸ. ಒಳ್ಳೆಯ ಹುಡುಗಿ, ನೀರು ಪೋಲು ಮಾಡುತ್ತಿರಲಿಲ್ಲ. ಆದರೆ ದಿನಾ ಸಂಜೆ ನಾನು ಕಾಫಿ ಹಿಡಿದು ಕೂತ ಹೊತ್ತಿಗೆ ಸರಿಯಾಗಿ ತಾರಸಿಯ ಮೇಲೆ ಝಣ್ ಎಂದು ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಝಣ್. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿ ನಿವೃತ್ತಳಾದವಳು. ಸೀಟಿ ಊದದೆ ಇಡೀ ಮೈದಾನವನ್ನು ನಿಲ್ಲಿಸಿದ ಗಂಟಲು ನನ್ನದು. ನಮ್ಮ ಯಜಮಾನರು "ಹೋಗ್ಲಿ ಬಿಡೇ" ಅನ್ನುತ್ತಿದ್ದಂತೆಯೇ ಮೆಟ್ಟಿಲು ಹತ್ತಿದೆ.

"ಏನಮ್ಮಾ ಇದು, ನಮ್ಮ ತಾರಸಿ ಮೇಲೆ ದನ ಕಟ್ಟಿದೀಯಾ?"

"ಸಾರಿ ಆಂಟಿ, ಸೌಂಡ್ ಜಾಸ್ತಿ ಆಯ್ತಾ? ಡಿಸ್ಕ್ ಗಾಲ್ಫ್ ಪ್ರಾಕ್ಟೀಸ್ ಮಾಡ್ತಿದ್ದೆ."

ಒಂದು ಕಬ್ಬಿಣದ ಕಂಬ, ಅದರ ತುದಿಯ ಬಳೆಯಿಂದ ಸುತ್ತಲೂ ಇಳಿಬಿಟ್ಟ ಸರಪಳಿಗಳು, ಕೆಳಗೊಂದು ತಂತಿಯ ಬುಟ್ಟಿ. ಅವಳು ನೀರಿನ ಟ್ಯಾಂಕಿನ ಪಕ್ಕ ನಿಂತು ಪ್ಲಾಸ್ಟಿಕ್ ತಟ್ಟೆಯೊಂದನ್ನು ಎಸೆಯುವುದು, ಅದು ಸರಪಳಿಗೆ ಬಡಿದು ಬುಟ್ಟಿಗೆ ಬೀಳುವುದು. ಚೆಂಡಿಲ್ಲದ, ಕೋಲಿಲ್ಲದ ಗಾಲ್ಫ್ ಅಂತೆ. ಮೈದಾನದಲ್ಲಾದರೆ ಬುಟ್ಟಿ ಎಲ್ಲೋ ದೂರದಲ್ಲಿರುತ್ತದೆ. ಎಸೆಯಬೇಕು, ತಟ್ಟೆ ಬಿದ್ದಲ್ಲಿಗೆ ನಡೆಯಬೇಕು, ಅಲ್ಲಿಂದ ಮತ್ತೆ ಎಸೆಯಬೇಕು. ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕಿದವರು ಗೆದ್ದರು.

"ಇದೇನು ಮಹಾ!" ಅಂದೆ. ಕಾಲೇಜಿನಲ್ಲಿ ಡಿಸ್ಕಸ್ ಎಸೆದವಳು ನಾನು. ದುಪ್ಪಟ್ಟಾ ಸೊಂಟಕ್ಕೆ ಬಿಗಿದು, ತಟ್ಟೆ ಕಿತ್ತುಕೊಂಡು, ಒಂದು ಸುತ್ತು ಸುತ್ತಿ ಬೀಸಿದೆ. ಅದು ಬುಟ್ಟಿಯ ಕಡೆ ತಿರುಗಿಯೂ ನೋಡದೆ ಗೋಡೆ ದಾಟಿ, ಎದುರು ಮನೆಯವರು ತಾರಸಿಯ ಮೇಲೆ ಒಣಹಾಕಿದ್ದ ಸಂಡಿಗೆಯ ಮೇಲೆ ಹೋಗಿ ಬಿತ್ತು. ಅವರ ಬೈಗುಳ ನಮ್ಮ ಬೀದಿಗೆಲ್ಲ ಕೇಳಿಸಿತು.

ಹುಡುಗಿ ನಗು ತಡೆದುಕೊಂಡು, "ತೋಳಿನ ಜೋರು ಬೇಡ ಆಂಟಿ, ಮಣಿಕಟ್ಟು ಸಾಕು. ಇಸ್ಪೀಟ್ ಎಲೆ ಹಾಕ್ತೀರಲ್ಲ, ಹಂಗೆ" ಅಂದಳು. ನನಗೆ ಎಸೆಯುವುದನ್ನು ಹೇಳಿಕೊಡಲು ಬಂದಳಲ್ಲ ಇವಳು ಅಂತ ಮೈಯೆಲ್ಲ ಉರಿಯಿತು. ಮರುದಿನ ಅವಳು ಕೆಲಸದಿಂದ ಬರುವ ಮೊದಲೇ ತಾರಸಿಯ ಮೇಲೆ ನಾನಿದ್ದೆ.

ಅಲ್ಲಿಂದ ಮುಂದೆ ನನಗೆ ಹುಚ್ಚು ಹಿಡಿಯಿತು ಅಂತಲೇ ಇಟ್ಟುಕೊಳ್ಳಿ. ಚೆಂದದ ಆಟ ಅಂತ ಯಾರೂ ಇದಕ್ಕೆ ಬರುವುದಿಲ್ಲ. 'ಇದೇನು ಮಹಾ' ಅಂತ ಬರುತ್ತಾರೆ, ತಟ್ಟೆ ಹೇಳಿದ ಮಾತು ಕೇಳುವುದಿಲ್ಲ, ಅದಕ್ಕೆ ಬುದ್ಧಿ ಕಲಿಸುತ್ತೇನೆ ಅಂತ ಉಳಿದುಕೊಳ್ಳುತ್ತಾರೆ. ಆದರೆ ತಾರಸಿಯಲ್ಲಿ ಎಷ್ಟು ಅಂತ ಎಸೆಯುವುದು? ಕೆರೆಯ ಪಕ್ಕದ ಪಾರ್ಕಿಗೆ ಹೋದರೆ ವಾಕಿಂಗ್ ಬಂದವರು "ತಲೆಗೆ ಬಿದ್ರೆ ಯಾರ್ರೀ ಹೊಣೆ?" ಅಂತ ಮುಗಿಬಿದ್ದರು. ನ್ಯಾಯವಾದ ಮಾತೇ. ಆಗ ನಾನು ಹುಡುಗಿಗೆ, "ನಡಿ, ಪುಟ್ಟೇನಹಳ್ಳಿ ಕಡೆ ನಮ್ಮಪ್ಪನ ಮಾವಿನ ತೋಪಿದೆ" ಅಂದೆ.

ತೋಪಿನ ವಿಷಯ ಹೇಳಬೇಕಾದರೆ ಅಣ್ಣನ ವಿಷಯ ಹೇಳಲೇಬೇಕು. ನಮ್ಮದು ಇಲ್ಲಿಯದೇ ಬೇಸಾಯದ ಮನೆತನ. ಹೊಲಗಳೆಲ್ಲ ಬಡಾವಣೆಗಳಾದವು, ಅಣ್ಣ ಕಟ್ಟಡ ಕಟ್ಟಿಸುವವನಾದ. ಅಪ್ಪ ಹೋದ ಮೇಲೆ ಒಂದು ದಿನ ಅಣ್ಣ ನನ್ನನ್ನು ಊಟಕ್ಕೆ ಕರೆದ. ಹೋಳಿಗೆ ಊಟ. ಊಟ ಮುಗಿದ ಮೇಲೆ ತಟ್ಟೆಯಲ್ಲಿ ರೇಷ್ಮೆ ಸೀರೆ, ಅರಿಶಿನ ಕುಂಕುಮ, ಹಣ್ಣು, ಪಕ್ಕದಲ್ಲಿ ಹಕ್ಕು ಬಿಡುಗಡೆಯ ಪತ್ರ ಮತ್ತು ಪೆನ್ನು. ನಮ್ಮ ಕಡೆ ಮನೆ ಹೆಣ್ಣುಮಕ್ಕಳು ಸೀರೆ ತೆಗೆದುಕೊಂಡು, ಕಣ್ಣೊರೆಸಿಕೊಂಡು, ಸಹಿ ಹಾಕಿ ಹೊರಡುವುದು ವಾಡಿಕೆ. ನಾನು ಹೋಳಿಗೆ ತಿಂದೆ, ಕುಂಕುಮ ಇಟ್ಟುಕೊಂಡೆ, ಸಹಿ ಹಾಕಲಿಲ್ಲ. ಅಪ್ಪನ ಮಗಳು ನಾನು, ಕಾನೂನೂ ಹಾಗೆಯೇ ಹೇಳುತ್ತದೆ, ಯಾಕೆ ಬಿಡಲಿ? ಅವತ್ತೂ ಅದನ್ನೇ ಅಂದೆ, ಇವತ್ತೂ ಅದನ್ನೇ ಅನ್ನುತ್ತೇನೆ.

ಅಣ್ಣ ಅವತ್ತಿನಿಂದ ಮಾತು ಬಿಟ್ಟ. ಉಳಿದ ಆಸ್ತಿ ಹೇಗೋ ಹಿರಿಯರ ಮುಂದೆ ಇತ್ಯರ್ಥವಾಯಿತು, ತೋಪು ಮಾತ್ರ ಭಾಗವಾಗದೆ ಉಳಿಯಿತು. ಅವನೂ ಮುಟ್ಟುವಂತಿಲ್ಲ, ನಾನೂ ಮುಟ್ಟುವಂತಿಲ್ಲ. ಮದುವೆ ಮನೆಗಳಲ್ಲಿ ನಾನು ಎದುರಾದರೆ ಅಣ್ಣ ಚಪ್ಪರ ನೋಡುತ್ತಿದ್ದ. ಅವನಿಗೆ ಎದೆನೋವು ಬಂದಾಗ ಆಸ್ಪತ್ರೆಗೆ ಓಡಿಹೋದೆ. "ಅಣ್ಣಾ" ಅಂದೆ, ಗೋಡೆ ಕಡೆ ಹೊರಳಿ ಮಲಗಿದ. ಕಾರಿಡಾರಿನಲ್ಲಿ ನಿಂತು ಗಳಗಳ ಅತ್ತೆ. "ಆ ಸಹಿ ಒಂದು ಹಾಕಿಬಿಡು, ಅಣ್ಣ ಸರಿಹೋಗ್ತಾನೆ" ಅಂತ ನೆಂಟರೆಲ್ಲ ಬುದ್ಧಿ ಹೇಳಿದರು. ಹಾಕಲಿಲ್ಲ. ನನಗೆ ಪಾಲೂ ಬೇಕಿತ್ತು, ಅಣ್ಣನೂ ಬೇಕಿತ್ತು. ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯುವ ವ್ಯಾಪಾರ ನನಗೆ ಒಪ್ಪಿಗೆ ಇರಲಿಲ್ಲ.

ಯಶವಂತಪುರ ಮಾರುಕಟ್ಟೆಯ ಹಿಂದೆ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಮೂರು ಬುಟ್ಟಿ ಮಾಡಿಸಿದೆವು. ಅಂಗಡಿಯವನು "ಏನ್ ಮೇಡಂ, ಕೋಳಿ ಸಾಕ್ತೀರಾ?" ಅಂತ ಕೇಳಿದ. ತಂದು ತೋಪಿನಲ್ಲಿ ಒಂದನ್ನು ಅಲ್ಲಿ, ಒಂದನ್ನು ಇಲ್ಲಿ, ಒಂದನ್ನು ಬಾವಿಯ ಆಚೆ, ಗುಂಡಿ ತೋಡಿ ನೆಟ್ಟೆವು. ಗುಜರಿಯವರು ಕಿತ್ತುಕೊಂಡು ಹೋಗಬಾರದಲ್ಲ, ಬುಡಕ್ಕೆ ಸಿಮೆಂಟ್ ಹಾಕಿಸಿದೆ. ಈಗ ಯಲಹಂಕದ ಸುತ್ತಮುತ್ತ, ತಕರಾರಿರುವ ಜಾಗದಲ್ಲಿ ಸಿಮೆಂಟ್ ಹಾಕಿ ಕಂಬ ನೆಟ್ಟರೆ ಅದಕ್ಕಿರುವುದು ಒಂದೇ ಅರ್ಥ, ಈ ಜಾಗ ನನ್ನದು ಅಂತ. ನನಗೆ ಅದು ಹೊಳೆಯಲೇ ಇಲ್ಲ. ಹೊಳೆದಿದ್ದರೂ ನೆಡುತ್ತಿದ್ದೆ.

ಭಾನುವಾರ ಬೆಳಿಗ್ಗೆ ನಾವಿನ್ನೂ ಆಟ ಶುರು ಮಾಡಿರಲಿಲ್ಲ, ಅಣ್ಣನ ಕಾರು ಧೂಳೆಬ್ಬಿಸಿಕೊಂಡು ಬಂತು. ಯಾರೋ ಸುದ್ದಿ ಮುಟ್ಟಿಸಿದ್ದರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಕೆಂಪು ಮುಖ. ಹಿಂದೆ ಅತ್ತಿಗೆ.

"ಕೇಳೇ ಅವ್ಳ್ನ," ಅಂದ ಅತ್ತಿಗೆಗೆ, ನಾನು ಎದುರಲ್ಲೇ ಕಂಬದ ಹಾಗೆ ನಿಂತಿದ್ದರೂ. "ಯಾರನ್ನ ಕೇಳಿ ಕಂಬ ನೆಟ್ಟವ್ಳೆ? ಸೈಟ್ ಮಾಡಕ್ ಒಂಟವ್ಳಾ?"

"ಅತ್ತಿಗೆ, ನಿಮ್ಮ ಯಜಮಾನ್ರಿಗೆ ಹೇಳಿ, ಇದು ಬೇಲಿ ಕಂಬ ಅಲ್ಲ, ಆಟದ ಬುಟ್ಟಿ."

"ಬುಟ್ಟಿಯಂತೆ ಬುಟ್ಟಿ! ನಮ್ ಕಿವಿಗ್ ಊವ ಮಡಗಕ್ ಬಂದವ್ಳೆ."

ಒಂದು ಕಂಬದಿಂದ ಇನ್ನೊಂದಕ್ಕೆ ಹೆಜ್ಜೆ ಹಾಕಿ ಅಳೆದ. ಅಲ್ಲಿಂದ ಬಾವಿಯ ಆಚೆಗೆ ಹೋದ. ಆಮೇಲೆ ಲಂಟಾನದ ಪೊದೆಯನ್ನೆಲ್ಲ ಕಾಲಿಂದ ಸರಿಸುತ್ತ ಏನನ್ನೋ ಹುಡುಕತೊಡಗಿದ. ನನಗೆ ಅರ್ಥವಾಗಲಿಲ್ಲ. ಕೊನೆಗೆ ಅಲ್ಲಿಂದಲೇ ಕೂಗಿದ, "ನಾಕ್ನೇದೆಲ್ಲಿ ಅಂತ ಕೇಳೇ! ಮೂರ್ ಮೂಲೆಗೆ ನೆಟ್ಟವ್ಳೆ, ನಾಕ್ನೇ ಮೂಲೆ ಎಲ್ ಮಡಗವ್ಳೆ?"

"ಅಂಕಲ್, ಮೂರೇ ಅಂಕಲ್," ಅಂದಳು ನಮ್ಮ ಹುಡುಗಿ. "ನಮ್ ಬಜೆಟ್ಟೇ ಅಷ್ಟು."

ಅತ್ತಿಗೆ ಕಿಸಕ್ಕನೆ ನಕ್ಕರು. ಅಣ್ಣ ದುರುಗುಟ್ಟಿ ನೋಡಿದ. ಆ ಹುಡುಗಿಯ ಧೈರ್ಯ ಮೆಚ್ಚಬೇಕು, ಅಂಥ ಹೊತ್ತಿನಲ್ಲಿ ಅತ್ತಿಗೆಯ ಕೈಗೆ ಒಂದು ತಟ್ಟೆ ಕೊಟ್ಟು, "ಆಂಟಿ, ಒಂದ್ಸಲ ಹಾಕಿ ನೋಡಿ, ಆಮೇಲೆ ಜಗಳ ಆಡೋಣ" ಅಂದಳು. ಅತ್ತಿಗೆ ಹಿಂದೆ ಮುಂದೆ ನೋಡದೆ, ಕಾದ ಎಣ್ಣೆಗೆ ಹಪ್ಪಳ ಬಿಡುವಂತೆ ಮೆಲ್ಲಗೆ ಬಿಟ್ಟರು. ಹತ್ತಿರದ ಬುಟ್ಟಿಯೇ. ಝಣ್ ಅಂತ ಒಳಗೆ ಬಿತ್ತು.

"ಅಯ್ಯೋ, ಬಿತ್ತು ಕಣ್ರೀ!" ಅಂತ ಅತ್ತಿಗೆ ಸೆರಗು ಹಿಡಿದುಕೊಂಡು ಕುಣಿದೇಬಿಟ್ಟರು.

ಅಣ್ಣನ ಮುಖ ನೋಡಬೇಕಿತ್ತು. ಹೆಂಡತಿಗೆ ಬಂದದ್ದು ತನಗೆ ಬಾರದೆ ಇದ್ದೀತೇ? "ಕೊಡಿಲ್ಲಿ" ಅಂದ, ಅಂಗಿಯ ತೋಳು ಮಡಚಿದ, ಬೀಸಿದ. ತಟ್ಟೆ ನೆಟ್ಟಗೆ ಮಾವಿನ ಮರ ಹತ್ತಿ ಕೊಂಬೆಯಲ್ಲಿ ಕೂತಿತು. ಅದನ್ನು ಉದುರಿಸಲು ಇನ್ನೊಂದು ತಟ್ಟೆ ಎಸೆದ. ಅದೂ ಅಲ್ಲೇ ಕೂತಿತು. ಮೂರನೆಯದಕ್ಕೆ ಕೈ ಚಾಚಿದಾಗ ಹುಡುಗಿ "ಬೇಡ ಅಂಕಲ್" ಅಂತ ಚೀಲ ಹಿಂದಕ್ಕೆಳೆದುಕೊಂಡಳು. ನಾನು ತುಟಿ ಕಚ್ಚಿ ನಿಂತಿದ್ದೆ. ನಕ್ಕಿದ್ದರೆ ಅಲ್ಲಿಗೆ ಎಲ್ಲ ಮುಗಿದುಹೋಗುತ್ತಿತ್ತು.

ಕಾರು ಹತ್ತುವಾಗ ಅಣ್ಣ ಅತ್ತಿಗೆಗೆ ಹೇಳಿದ, "ಮುಂದಿನ್ ವಾರನೂ ಬತ್ತೀವಿ ಅಂತೇಳು. ಜಾಗ ಕಾಯ್ಬೇಕು."

ಜಾಗ ಕಾಯುವವನು ಮುಂದಿನ ವಾರ ಹೊಸ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದ. ಅದರ ಮುಂದಿನ ವಾರ ಅವನ ಕೈಯಲ್ಲಿ ಅವನದೇ ತಟ್ಟೆಗಳಿದ್ದವು, ಆನ್‌ಲೈನಿನಲ್ಲಿ ತರಿಸಿದವು, ನಮ್ಮವಕ್ಕಿಂತ ದುಬಾರಿಯವು. ಹುಡುಗಿ ಹೇಳಿಕೊಟ್ಟದ್ದನ್ನು ಕೇಳಿಸಿಕೊಳ್ಳದವನಂತೆ ಕೇಳಿಸಿಕೊಂಡು, ಯಾರೂ ನೋಡದಾಗ ಹಾಗೆಯೇ ಮಾಡುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣ ನಮ್ಮೆಲ್ಲರಿಗಿಂತ ಉದ್ದಕ್ಕೆ ಎಸೆಯುತ್ತಿದ್ದ, ನಾನು ಎಲ್ಲರಿಗಿಂತ ನೇರಕ್ಕೆ ಎಸೆಯುತ್ತಿದ್ದೆ. ಮಾತು ಮಾತ್ರ ಅತ್ತಿಗೆಯ ಮೂಲಕವೇ. "ಅವ್ಳ ಕಾಲು ಗೆರೆ ದಾಟೈತೆ ಅಂತೇಳು." "ಅತ್ತಿಗೆ, ದಾಟಿಲ್ಲ ಅಂತ ಹೇಳಿ." ಅತ್ತಿಗೆ ಪಾಪ ಆಡುವುದೋ, ಅಂಚೆ ಹಂಚುವುದೋ!

ಪ್ರತಿ ಭಾನುವಾರ ಮನೆಗೆ ಬರುವಾಗ ನನಗೆ ಒಂದು ಕಡೆ ಖುಷಿ, ಒಂದು ಕಡೆ ಸಂಕಟ. ಇಷ್ಟು ಹತ್ತಿರ ನಿಂತು ಆಡುತ್ತಾನೆ, ನಾನು ಚೆನ್ನಾಗಿ ಎಸೆದರೆ ಅವನ ಹುಬ್ಬು ಮೇಲಕ್ಕೇರುವುದು ಕಾಣುತ್ತದೆ, ಆದರೂ ಬಾಯಿ ಬಿಡುವುದಿಲ್ಲ. ಹೀಗೇ ಎಷ್ಟು ದಿನ ಅಂತ ಯಜಮಾನರ ಮುಂದೆ ಕೂಗಾಡುತ್ತಿದ್ದೆ.

ಒಂದು ಭಾನುವಾರ ಅತ್ತಿಗೆ ಮಗಳ ಬಾಣಂತನಕ್ಕೆ ಹೋಗಿದ್ದರು. ಹುಡುಗಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅಣ್ಣನೂ ಬರಲಿಕ್ಕಿಲ್ಲ, ಒಬ್ಬಳೇ ನಾಲ್ಕು ತಟ್ಟೆ ಎಸೆದು ಬರೋಣ ಅಂತ ಹೋದೆ. ನೋಡಿದರೆ ಅವನ ಕಾರು ಆಗಲೇ ನೆರಳಲ್ಲಿ ನಿಂತಿತ್ತು. ನನ್ನನ್ನು ಕಂಡು ಹೊರಟುಬಿಡುತ್ತಾನೆ ಅಂದುಕೊಂಡೆ. ಹೊರಡಲಿಲ್ಲ. ಶೂ ಲೇಸು ಬಿಗಿದುಕೊಂಡು ಎದ್ದ.

ಮೊದಲ ಬುಟ್ಟಿ ಮೂಕಾಟ. ಎಷ್ಟು ಎಸೆತದಲ್ಲಿ ಹಾಕಿದೆ ಅಂತ ಅವರವರೇ ಹೇಳಬೇಕು, ಅವನು ಬೆರಳು ತೋರಿಸಿದ. ನಾನೂ ಬೆರಳು ತೋರಿಸಿದೆ. ಎರಡನೆಯದೂ ಹಾಗೆಯೇ ಮುಗಿಯಿತು. ಬಾವಿಯ ಆಚೆಯ ಬುಟ್ಟಿಗೆ ಎಸೆದಾಗ ನಮ್ಮಿಬ್ಬರ ತಟ್ಟೆಗಳೂ ಬುಟ್ಟಿಯಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿ ಬಿದ್ದವು, ಅವನದು ಎಡಕ್ಕೆ, ನನ್ನದು ಬಲಕ್ಕೆ. ಈ ಆಟದಲ್ಲಿ ಯಾರ ತಟ್ಟೆ ಬುಟ್ಟಿಯಿಂದ ದೂರವೋ ಅವರು ಮೊದಲು ಎಸೆಯಬೇಕು. ಯಾರದು ದೂರ? ಇದನ್ನು ಬೆರಳಲ್ಲಿ ತೋರಿಸುವುದು ಹೇಗೆ?

ನಾನು ಬಾಯಿ ಬಿಡಬಾರದು ಅಂತ ನಿಂತೆ. ಇಷ್ಟು ವರ್ಷವೂ ನಾನೇ "ಅಣ್ಣಾ, ಅಣ್ಣಾ" ಅಂದದ್ದು ಸಾಕು. ಅವನೂ ನಿಂತ. ಏರ್‌ಪೋರ್ಟ್ ಕಡೆಯ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ಅಣ್ಣ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದ. ಅಲ್ಲಿ ಅತ್ತಿಗೆ ಇರಲಿಲ್ಲ. ಗಂಟಲು ಕೆರೆದುಕೊಂಡ. ಆಮೇಲೆ ನೇರ ನನ್ನ ಮುಖ ನೋಡಿದ.

"ನಿಂದೇ ದೂರ ಐತೆ. ನೀನ್ ಆಕು."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ತಟ್ಟೆ ಬಿಸಾಕಿ ಅಣ್ಣನ ಕಾಲಿಗೆ ಬೀಳುತ್ತಿದ್ದರೇನೋ. ನಾನು ಅವನ ತಂಗಿ.

"ಇಲ್ಲ, ನಿಂದೇ ದೂರ," ಅಂದೆ.

"ಯಾವಾಗ್ಲೂ ಇಂಗೇ ನೀನು. ಒಂದುಕ್ಕಾದ್ರೂ ಊಂ ಅಂದಿದ್ದೀಯಾ? ಅವತ್ತು ಸಹಿ ಆಕು ಅಂದಾಗ್ಲೂ ಇಂಗೇ ನಿಂತ್ಕಂಡೆ."

"ನಿಂತ್ಕೊಂಡೆ. ಈಗ್ಲೂ ಹಾಕಲ್ಲ ಕಣಣ್ಣ. ಯಾವತ್ತೂ ಹಾಕಲ್ಲ."

ಹೇಳಿಯೇಬಿಟ್ಟೆ. ಈಗ ಕಾರು ಹತ್ತುತ್ತಾನೆ, ಇನ್ನು ಮುಂದೆ ಈ ಭಾನುವಾರಗಳೂ ಇಲ್ಲ ಅಂದುಕೊಂಡೆ. ಆದರೂ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ. ಅಣ್ಣ ನನ್ನನ್ನೇ ನೋಡಿದ, ಆಮೇಲೆ ಬುಟ್ಟಿಯ ಕಡೆ ನೋಡಿದ, ಕರ್ಚೀಫಿನಿಂದ ಕತ್ತಿನ ಬೆವರು ಒರೆಸಿಕೊಂಡ.

"ಗೊತ್ತು," ಅಂದ. "ನೀನ್ ಆಕಲ್ಲ ಅಂತ ನಂಗೊತ್ತು. ಈಗ ತಟ್ಟೆನಾದ್ರೂ ಆಕು, ಬಿಸ್ಲು ಏರ್ತಾ ಐತೆ."

ಎಸೆದೆ. ಕಣ್ಣಲ್ಲಿ ನೀರು ತುಂಬಿ ಬುಟ್ಟಿ ಎರಡಾಗಿ ಕಾಣುತ್ತಿತ್ತು. ತಟ್ಟೆ ಎರಡಕ್ಕೂ ಬೀಳದೆ ಎಲ್ಲೋ ಪೊದೆಯೊಳಗೆ ಹೋಯಿತು.

"ಥೂ, ಏನಮ್ಮಿ ಇಂಗ್ ಎಸೀತೀಯ, ಪಿ.ಟಿ. ಮೇಡಂ ಬೇರೆ!" ಅಂತ ಬೈದ ಅಣ್ಣ, ಬೈಯುತ್ತಲೇ ನನ್ನ ತಟ್ಟೆ ಹುಡುಕಲು ಮುಳ್ಳಿನ ಪೊದೆಯೊಳಗೆ ನುಗ್ಗಿದ.